ಬಡಾವಣೆಯ ಉದ್ಯಾನದಲ್ಲಿ ಆವಾಸ ಪುನಶ್ಚೇತನ: ಯುವಜನರಿಗೆ ಉದ್ಯೋಗ ಕೌಶಲ ಕಲಿಸುವ ಹದಿನೇಳು ತಿಂಗಳ ಕಾರ್ಯಕ್ರಮವನ್ನು ಕಟ್ಟುವ ಬಗೆ

ಬೆಂಗಳೂರಿನ ಬಡಾವಣೆಗಳಲ್ಲಿ ಪಾಲಿಕೆಗೆ ಸೇರಿದ ಸಾವಿರಕ್ಕೂ ಹೆಚ್ಚು ಉದ್ಯಾನಗಳಿವೆ. ಇವುಗಳಲ್ಲಿ ಬಹುಪಾಲು ಒಂದೇ ಅಚ್ಚಿನವು: ಸುತ್ತಲೂ ನಡಿಗೆಯ ಪಥ, ನಡುವೆ ಹುಲ್ಲುಹಾಸು, ಒಪ್ಪವಾಗಿ ಕತ್ತರಿಸಿದ ಬೇಲಿಗಿಡ, ಒಂದು ಬದಿಯಲ್ಲಿ ವ್ಯಾಯಾಮದ ಸಲಕರಣೆಗಳು. ಆದರೆ ಹೆಚ್ಚುಕಡಿಮೆ ಪ್ರತಿ ಉದ್ಯಾನದಲ್ಲೂ ನಡೆಯಲು ಬರುವವರ ಕಣ್ಣಿಗೆ ಬೀಳದ ಒಂದು ಮೂಲೆ ಇರುತ್ತದೆ. ಅಲ್ಲಿ ಲಂಟಾನ ಪೊದೆಗಟ್ಟಿರುತ್ತದೆ, ಪಾರ್ಥೇನಿಯಂ ಸೊಂಟದೆತ್ತರ ಬೆಳೆದಿರುತ್ತದೆ, ಒಡೆದ ಇಟ್ಟಿಗೆ ಮತ್ತು ಕಟ್ಟಡದ ಅವಶೇಷಗಳು ಬಿದ್ದಿರುತ್ತವೆ. ಅದೇ ಬಡಾವಣೆಯಲ್ಲಿ ಪಿಯುಸಿ, ಐಟಿಐ ಅಥವಾ ಪದವಿ ಮುಗಿಸಿಯೂ ನೆಲೆಯಾದ ಕೆಲಸ ಸಿಗದೆ ದಿನಗೂಲಿಯಲ್ಲೋ ಡೆಲಿವರಿಯಲ್ಲೋ ಕಾಲ ಕಳೆಯುತ್ತಿರುವ ಯುವಕ ಯುವತಿಯರಿದ್ದಾರೆ. ಆ ಮೂಲೆಯನ್ನು ಊರಿನ ಗಿಡ, ಚಿಟ್ಟೆ ಮತ್ತು ಹಕ್ಕಿಗಳು ಮರಳಿ ನೆಲೆಸುವ ಜಾಗವನ್ನಾಗಿ ಮಾಡುತ್ತಲೇ ಈ ಯುವಜನರಿಗೆ ಕೈಕೆಲಸವನ್ನೂ ಅದಕ್ಕೆ ತಕ್ಕ ದಾಖಲೆಯನ್ನೂ ಒದಗಿಸುವುದು ಹೇಗೆಂದು ಈ ಮಾರ್ಗದರ್ಶಿ ವಿವರಿಸುತ್ತದೆ. ನಿವಾಸಿಗಳ ಸಂಘ, ಯುವಕ ಸಂಘ, ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಘಟಕ ಅಥವಾ ಕೆರೆ ಸಂರಕ್ಷಣೆಯ ಗುಂಪು, ಇವುಗಳಲ್ಲಿ ಯಾರು ಬೇಕಾದರೂ ಇದನ್ನು ನಡೆಸಬಹುದು. ಉದಾಹರಣೆಗಳೆಲ್ಲ ಬೆಂಗಳೂರಿನವು. ಬಯಲುಸೀಮೆಯ ಬೇರೆ ಊರುಗಳಲ್ಲಿ ಗಿಡಗಳ ಪಟ್ಟಿಯನ್ನೂ ಮಳೆಯ ಲೆಕ್ಕವನ್ನೂ ಬದಲಿಸಿಕೊಂಡರೆ ಉಳಿದದ್ದು ಹಾಗೆಯೇ ಅನ್ವಯಿಸುತ್ತದೆ.

ಮೊದಲಿಗೇ ಸ್ಪಷ್ಟಪಡಿಸಬೇಕಾದ ಮಾತೊಂದಿದೆ. ಸಸಿ ನೆಡುವುದು ಈ ಕೆಲಸದ ಅತ್ಯಂತ ಚಿಕ್ಕ ಭಾಗ. ವಿಶ್ವ ಪರಿಸರ ದಿನವಾದ ಜೂನ್ 5ರಂದು ಗುಂಡಿ ತೋಡಿ, ಸಸಿ ನೆಟ್ಟು, ಚಿತ್ರ ತೆಗೆಸಿಕೊಂಡು ಹೋದವರಿಗೆ ಯಾವ ಮಾಲೀಕನೂ ಕೆಲಸ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಗಿಡವನ್ನು ಕಂಡು ಗುರುತಿಸುವುದು, ಜಾಗವನ್ನು ಅಳೆಯುವುದು, ಕಂಡದ್ದನ್ನು ಬರೆದಿಡುವುದು, ನೆಟ್ಟದ್ದನ್ನು ಒಂದು ಪೂರ್ಣ ಬೇಸಿಗೆ ದಾಟಿಸುವುದು, ಉದ್ಯೋಗಕ್ಕೆ ಬರುವ ಕೌಶಲಗಳು ಇವು. ಹೀಗಾಗಿಯೇ ಇಲ್ಲಿ ಸೂಚಿಸಿರುವ ಕಾರ್ಯಕ್ರಮ ಒಂದು ಜನವರಿಯಲ್ಲಿ ಆರಂಭವಾಗಿ ಮರುವರ್ಷದ ಮೇ ತಿಂಗಳಿನಲ್ಲಿ ಮುಗಿಯುತ್ತದೆ. ವಾರಕ್ಕೆ ಎರಡು ಅರ್ಧ ದಿನಗಳ ಕೆಲಸವಾದರೂ ಸಾಕು, ಆದರೆ ಅವಧಿಯನ್ನು ಮಾತ್ರ ಕುಗ್ಗಿಸಬಾರದು.

ಮೊದಲ ಹಂತ: ಜಾಗ ಮತ್ತು ಅನುಮತಿ

ಜನವರಿ ಮತ್ತು ಫೆಬ್ರವರಿಯನ್ನು ಇದಕ್ಕೆ ಮೀಸಲಿಡಬೇಕು. ಉದ್ಯಾನ ಯಾರ ವಶದಲ್ಲಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಲಾಲ್‌ಬಾಗ್ ಮತ್ತು ಕಬ್ಬನ್ ಉದ್ಯಾನಗಳು ರಾಜ್ಯ ತೋಟಗಾರಿಕೆ ಇಲಾಖೆಯ ಅಧೀನದಲ್ಲಿವೆ. ಬಡಾವಣೆಯ ಉದ್ಯಾನಗಳು ಪಾಲಿಕೆಯ ತೋಟಗಾರಿಕೆ ವಿಭಾಗಕ್ಕೆ ಸೇರುತ್ತವೆ. 2025ರಲ್ಲಿ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಐದು ನಗರ ಪಾಲಿಕೆಗಳೂ ಬಂದಿರುವುದರಿಂದ, ಹಳೆಯ ವಾರ್ಡ್ ಕಚೇರಿಯ ವಿಳಾಸವನ್ನು ನಂಬದೆ ಈಗಿನ ಪಾಲಿಕೆ ಯಾವುದೆಂದು ಖಚಿತಪಡಿಸಿಕೊಂಡೇ ಅರ್ಜಿ ಬರೆಯಬೇಕು. ಕೆರೆಯಂಚಿನ ಜಾಗವಾದರೆ ಅನುಮತಿ ಕೆರೆ ವಿಭಾಗದಿಂದ ಬರಬೇಕಾಗುತ್ತದೆ.

ಅರ್ಜಿ ಒಂದೂವರೆ ಪುಟ ಮೀರದಿರಲಿ. ಕೈಯಿಂದ ಬರೆದ ನಕ್ಷೆ, ಜಾಗದ ಅಳತೆ, ತೆಗೆಯಲಿರುವ ಕಳೆಗಳ ಹೆಸರು, ನೆಡಲಿರುವ ಗಿಡಗಳ ಹೆಸರು, ನೀರಿನ ಮೂಲ, ಹೊಣೆ ಹೊರುವವರ ಸಹಿ, ಇಷ್ಟು ಇದ್ದರೆ ಅಧಿಕಾರಿಗೆ ನಿರ್ಧರಿಸುವುದು ಸುಲಭ. ಈ ಅರ್ಜಿಯನ್ನು ಸಂಘಟಕರೇ ಬರೆದು ಮುಗಿಸದೆ ಯುವಜನರಿಂದ ಬರೆಸುವುದು ಒಳ್ಳೆಯದು. ಕಚೇರಿಗೆ ಹೋಗಿ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು, ಕಡತ ಎಲ್ಲಿದೆ ಎಂದು ಮತ್ತೆ ವಿಚಾರಿಸಿ ಬರುವುದೂ ಮುಂದೆ ಗುತ್ತಿಗೆ ಕೆಲಸ ಹಿಡಿಯುವವರಿಗೆ ಬೇಕಾಗುವ ಅಭ್ಯಾಸವೇ. ಮೊದಲ ವರ್ಷಕ್ಕೆ ಕಾಲು ಎಕರೆಗಿಂತ ದೊಡ್ಡ ಜಾಗವನ್ನು ಕೇಳಬೇಡಿ.

ಮರಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಒಪ್ಪಿಗೆ ಬೇಕು. ಸುಬಾಬುಲ್‌ನಂತಹ ಹೊರಗಿನ ಮರ ಎಷ್ಟೇ ಹಬ್ಬಿದ್ದರೂ ಸಂಬಂಧಪಟ್ಟವರನ್ನು ಕೇಳದೆ ಮಚ್ಚು ಎತ್ತಬಾರದು. ಮಳೆಮರ, ಗುಲ್‌ಮೊಹರ್, ಜಕರಂಡ ಮುಂತಾದವೂ ಹೊರದೇಶಗಳಿಂದ ಬಂದವುಗಳೇ. ಆದರೆ ಅವು ತಲೆಮಾರುಗಳಿಂದ ನೆರಳು ಕೊಟ್ಟಿವೆ, ಅವುಗಳ ಕೊಂಬೆಗಳಲ್ಲಿ ಹದ್ದುಗಳು ಗೂಡು ಕಟ್ಟುತ್ತವೆ. ಅವುಗಳನ್ನು ಉಳಿಸಿಕೊಂಡೇ ಕೆಳಗಿನ ಪೊದೆ ಮತ್ತು ನೆಲಗಿಡಗಳ ಹಂತವನ್ನು ಸರಿಪಡಿಸುವುದು ಬಡಾವಣೆಯ ಉದ್ಯಾನದಲ್ಲಿ ಮಾಡಬೇಕಾದ ಕೆಲಸ.

ಎರಡನೆಯ ಹಂತ: ತಂಡ, ಭತ್ಯೆ, ಸುರಕ್ಷತೆ

ಎಂಟರಿಂದ ಹನ್ನೆರಡು ಜನರ ತಂಡ ಸಾಕಾಗುತ್ತದೆ. ಹದಿನೆಂಟು ತುಂಬಿದವರನ್ನೇ ಆರಿಸಿಕೊಳ್ಳಿ. ಹದಿನಾಲ್ಕರ ಒಳಗಿನವರನ್ನು ಕೆಲಸಕ್ಕೆ ಹಚ್ಚುವುದು ಕಾನೂನಿನ ಪ್ರಕಾರ ಅಪರಾಧ, ಹದಿನೆಂಟರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಶಾಲೆಯ ಮಕ್ಕಳು ಹಕ್ಕಿ ಎಣಿಕೆಗೂ ಬೀಜ ಆಯುವುದಕ್ಕೂ ಬಂದು ಹೋಗಬಹುದು.

ಭತ್ಯೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಮನೆಯಲ್ಲಿ ಅನುಕೂಲವಿರುವವರಿಗೆ ಮಾತ್ರ ಸಂಬಳವಿಲ್ಲದೆ ಹದಿನೇಳು ತಿಂಗಳು ಕಲಿಯಲು ಸಾಧ್ಯ. ಕೆಲಸ ನಿಜಕ್ಕೂ ಬೇಕಾಗಿರುವವರು ಎರಡನೆಯ ತಿಂಗಳಿಗೇ ಬಿಟ್ಟುಹೋಗುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಕಲಿಕೆಯ ದಿನಗಳಿಗೆ ಭತ್ಯೆ, ಗುದ್ದಲಿ ಹಿಡಿದು ದುಡಿದ ದಿನಗಳಿಗೆ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನಕ್ಕೆ ಕಡಿಮೆಯಿಲ್ಲದ ಕೂಲಿ, ಹೋಗಿಬರುವ ಬಸ್ಸಿನ ಖರ್ಚು, ಇಷ್ಟನ್ನು ಹೊಂದಿಸಲು ಆಗದಿದ್ದರೆ ತಂಡವನ್ನು ನಾಲ್ಕು ಜನಕ್ಕೆ ಇಳಿಸಿ. ನಿವಾಸಿಗಳ ಸಂಘದ ನಿಧಿ ಮತ್ತು ಸುತ್ತಲಿನ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಇದಕ್ಕೆ ಒದಗಬಹುದು. ಕಾಲೇಜಿನ ಘಟಕದ ಮೂಲಕ ಬರುವ ವಿದ್ಯಾರ್ಥಿಗಳಿಗೆ ಈ ಕೆಲಸವನ್ನು ರಾಷ್ಟ್ರೀಯ ಸೇವಾ ಯೋಜನೆಯ ವರ್ಷದ 120 ಗಂಟೆಗಳ ಸೇವೆಯಲ್ಲಿ ಎಣಿಸುವಂತೆ ಕಾರ್ಯಕ್ರಮಾಧಿಕಾರಿಗಳೊಂದಿಗೆ ಮೊದಲೇ ಮಾತನಾಡಿಕೊಳ್ಳಬಹುದು.

ಉದ್ಯಾನದಲ್ಲಿ ಈಗಾಗಲೇ ದುಡಿಯುತ್ತಿರುವ ಮಾಲಿಗಳನ್ನು ಮೊದಲ ದಿನವೇ ತಂಡಕ್ಕೆ ಗುರುಗಳಾಗಿ ಪರಿಚಯಿಸಿ, ಕಲಿಸಿದ ಹೊತ್ತಿಗೆ ಗೌರವಧನ ಕೊಡಿ. ಎಲ್ಲಿ ನೀರು ನಿಲ್ಲುತ್ತದೆ, ಯಾವ ಕೊಳವೆ ಯಾವಾಗ ಒಣಗುತ್ತದೆ, ಯಾವ ಮೂಲೆಯಲ್ಲಿ ಹಾವು ಕಾಣುತ್ತದೆ ಎಂಬುದೆಲ್ಲ ಅವರಿಗೇ ಗೊತ್ತು. ಅವರನ್ನು ಅಣ್ಣ, ಅಕ್ಕ ಎಂದು ಕರೆದು ಕೇಳಿ ಕಲಿಯುವ ತಂಡಕ್ಕೂ, ಅವರ ಕೆಲಸ ಕಸಿದುಕೊಳ್ಳಲು ಬಂದವರೆಂಬ ಅನುಮಾನ ಹುಟ್ಟಿಸುವ ತಂಡಕ್ಕೂ ಆಗುವ ವ್ಯತ್ಯಾಸ ಅಪಾರ.

ಸುರಕ್ಷತೆಗೆ ಗಮ್ ಬೂಟು, ದಪ್ಪ ಕೈಗವಸು, ಉದ್ದ ತೋಳಿನ ಅಂಗಿ, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಬೇಕು. ಎಲ್ಲರಿಗೂ ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯೇ ಎಂದು ಕೇಳಿಕೊಳ್ಳಿ. ಬೆಂಗಳೂರಿನ ಪೊದೆಗಳಲ್ಲಿ ನಾಗರಹಾವೂ ಕೊಳಕುಮಂಡಲವೂ ಇರುತ್ತವೆ. ಪೊದೆಯನ್ನು ಕೈಯಿಂದ ಎಳೆಯುವ ಮೊದಲು ಉದ್ದ ಕೋಲಿನಿಂದ ತಟ್ಟಬೇಕು, ಹಾವು ಕಂಡರೆ ಹಿಂದೆ ಸರಿದು ತರಬೇತಿ ಪಡೆದ ಹಾವು ರಕ್ಷಕರನ್ನು ಕರೆಯಬೇಕು. ವಿಷಪ್ರತಿರೋಧಕ ಔಷಧ ಸಿಗುವ ಹತ್ತಿರದ ಆಸ್ಪತ್ರೆಯ ಹೆಸರನ್ನೂ 108 ಸಂಖ್ಯೆಯನ್ನೂ ಸಲಕರಣೆಗಳ ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದಿಡಿ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಹೀರುವುದು ಯಾವುದೂ ಕೂಡದು. ಕಚ್ಚಿದ ಅಂಗವನ್ನು ಅಲುಗಿಸದೆ ನೇರ ಆಸ್ಪತ್ರೆಗೆ ಕರೆದೊಯ್ಯಬೇಕು.

ಮೂರನೆಯ ಹಂತ: ಜಾಗವನ್ನು ಓದುವುದು

ಮಾರ್ಚ್‌ನಿಂದ ಮೇ ವರೆಗಿನ ಈ ಹಂತವನ್ನು ಬಹಳ ಗುಂಪುಗಳು ಬಿಟ್ಟೇಬಿಡುತ್ತವೆ. ಕಲಿಯುವವರ ಭವಿಷ್ಯಕ್ಕೆ ಅತ್ಯಂತ ಬೆಲೆಯುಳ್ಳದ್ದು ಇದೇ ಆದ್ದರಿಂದ ಇಲ್ಲಿ ನಿಧಾನಿಸಬೇಕು. ಏನೂ ಕೀಳದೆ, ಏನೂ ನೆಡದೆ, ಇರುವುದನ್ನು ಅಳೆದು ಬರೆಯುವುದಷ್ಟೇ ಈ ತಿಂಗಳುಗಳ ಕೆಲಸ.

ಹಗ್ಗ, ಗೂಟ ಮತ್ತು ಅಳತೆ ಪಟ್ಟಿ ಹಿಡಿದು ಜಾಗವನ್ನು ಹತ್ತು ಮೀಟರ್ ಚೌಕಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಸಂಖ್ಯೆ ಕೊಡಿ. ಮರಗಳನ್ನು ಇಡೀ ಹತ್ತು ಮೀಟರ್ ಚೌಕದಲ್ಲಿ ಎಣಿಸಿ, ಎದೆಮಟ್ಟದಲ್ಲಿ, ಅಂದರೆ ನೆಲದಿಂದ ಸುಮಾರು 1.3 ಮೀಟರ್ ಎತ್ತರದಲ್ಲಿ, ಕಾಂಡದ ಸುತ್ತಳತೆ ಬರೆದುಕೊಳ್ಳಬೇಕು. ಪೊದೆಗಳಿಗೆ ಐದು ಮೀಟರ್ ಚೌಕವೂ ನೆಲಗಿಡ ಮತ್ತು ಹುಲ್ಲಿಗೆ ಒಂದು ಮೀಟರ್ ಚೌಕವೂ ಸಾಕು. ಒಂದು ಮೀಟರ್ ಚೌಕದಲ್ಲಿ ಯಾವ ಗಿಡ ಎಷ್ಟು ಪಾಲು ನೆಲ ಆವರಿಸಿದೆ ಎಂದು ಇಬ್ಬರು ಬೇರೆಬೇರೆಯಾಗಿ ಅಂದಾಜು ಮಾಡಿ ನಂತರ ಹೋಲಿಸಿ ನೋಡಬೇಕು. ಮೊದಮೊದಲು ಒಬ್ಬರು ಶೇಕಡಾ 30 ಎಂದರೆ ಇನ್ನೊಬ್ಬರು 60 ಎನ್ನುತ್ತಾರೆ. ಇಬ್ಬರ ಅಂದಾಜೂ ಹತ್ತಿರ ಬರುವವರೆಗೆ ಅಭ್ಯಾಸ ಮಾಡಿಸಿ. ಪರಿಸರ ಸಮೀಕ್ಷೆ ನಡೆಸುವ ಸಂಸ್ಥೆಗಳು ಕ್ಷೇತ್ರ ಸಹಾಯಕರಲ್ಲಿ ಹುಡುಕುವುದು ಹೀಗೆ ಪಳಗಿದ ಕಣ್ಣನ್ನೇ.

ಗಿಡದ ಹೆಸರನ್ನು ಮೂರು ಅಂಕಣಗಳಲ್ಲಿ ಬರೆಯಿಸಿ: ಮಾಲಿ ಹೇಳಿದ ಹೆಸರು, ಕನ್ನಡದ ಬೇರೆ ಹೆಸರುಗಳು, ವೈಜ್ಞಾನಿಕ ಹೆಸರು. ಐನ್ಯಾಚುರಲಿಸ್ಟ್ ಆ್ಯಪ್ ಸೂಚಿಸುವ ಹೆಸರನ್ನು ಊಹೆ ಎಂದಷ್ಟೇ ಪರಿಗಣಿಸಿ, ಎಲೆಯ ಜೋಡಣೆ, ಹೂವು ಮತ್ತು ಕಾಯಿ ನೋಡಿ ದೃಢಪಡಿಸಿಕೊಳ್ಳುವುದನ್ನು ಕಲಿಸಬೇಕು. ಹಕ್ಕಿಗಳಿಗೆ ವಾರಕ್ಕೊಮ್ಮೆ ಬೆಳಗ್ಗೆ ಹದಿನೈದು ನಿಮಿಷ ಒಂದೇ ಜಾಗದಲ್ಲಿ ನಿಂತು ಕಂಡದ್ದನ್ನೂ ಕೇಳಿದ್ದನ್ನೂ ಎಣಿಸಿ, ಹಕ್ಕಿಗಳ ಎಣಿಕೆ ದಾಖಲಿಸುವ ಜಾಲತಾಣವಾದ ಇಬರ್ಡ್‌ಗೆ ಸೇರಿಸಿದರೆ, ದಿನಾಂಕ ಸಹಿತವಾಗಿ ಯಾರು ಬೇಕಾದರೂ ಪರಿಶೀಲಿಸಬಹುದಾದ ದಾಖಲೆ ಆಯಾ ಯುವಕ ಯುವತಿಯ ಹೆಸರಿನಲ್ಲೇ ಬೆಳೆಯುತ್ತದೆ.

ಮಣ್ಣಿಗೂ ಒಂದು ಸುಲಭ ಪರೀಕ್ಷೆ ಇದೆ. ಸುಮಾರು ಹದಿನೈದು ಸೆಂಟಿಮೀಟರ್ ಅಗಲದ ಪಿವಿಸಿ ಕೊಳವೆಯ ತುಂಡನ್ನು ನೆಲಕ್ಕೆ ಐದು ಸೆಂಟಿಮೀಟರ್ ಇಳಿಸಿ, ಅಳತೆಯ ನೀರು ಸುರಿದು, ಅದು ಇಂಗಲು ಹಿಡಿಯುವ ಸಮಯವನ್ನು ಬರೆದುಕೊಳ್ಳಿ. ಜನ ತುಳಿದು ಗಟ್ಟಿಯಾದ ನೆಲದಲ್ಲಿ ನೀರು ಬಹಳ ಹೊತ್ತು ನಿಲ್ಲುತ್ತದೆ, ಮರದಡಿ ತರಗೆಲೆ ಬಿದ್ದ ಕೆಮ್ಮಣ್ಣಿನಲ್ಲಿ ಬೇಗ ಇಂಗುತ್ತದೆ. ಕೊನೆಗೆ ನಾಲ್ಕು ಸ್ಥಿರ ಬಿಂದುಗಳಲ್ಲಿ ಗೂಟ ನೆಟ್ಟು, ಅದೇ ಎತ್ತರದಿಂದ ಅದೇ ದಿಕ್ಕಿಗೆ ಪ್ರತಿ ತಿಂಗಳೂ ಒಂದು ಚಿತ್ರ ತೆಗೆಯುವ ಹೊಣೆಯನ್ನು ಒಬ್ಬರಿಗೆ ವಹಿಸಿ.

ನಾಲ್ಕನೆಯ ಹಂತ: ಕಳೆ ತೆಗೆಯುವುದು

ಮುಂಗಾರಿಗೆ ಮುಂಚಿನ ಮಳೆ ಬಿದ್ದು ಮಣ್ಣು ಸಡಿಲಗೊಂಡ ಮೇಲೆ ಈ ಕೆಲಸ ಶುರುವಾಗಬೇಕು. ಲಂಟಾನವನ್ನು ಮೇಲಿನಿಂದ ಕತ್ತರಿಸಿದರೆ ಬುಡದಿಂದ ಇನ್ನಷ್ಟು ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಮತ್ತು ಅವರ ಸಂಗಡಿಗರು ರೂಪಿಸಿದ ಬೇರು ಕತ್ತರಿಸುವ ವಿಧಾನ ಬಡಾವಣೆಯ ಉದ್ಯಾನಕ್ಕೆ ಚೆನ್ನಾಗಿ ಹೊಂದುತ್ತದೆ. ಇಬ್ಬರು ಕೆಲಸ ಹಂಚಿಕೊಂಡು, ಒಬ್ಬರು ಪೊದೆಯನ್ನು ಕೋಲಿನಿಂದ ಒಂದು ಬದಿಗೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಪಿಕಾಸಿಯಿಂದ ನೆಲಮಟ್ಟಕ್ಕಿಂತ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕಡಿಯಬೇಕು. ಕಿತ್ತ ಪೊದೆಯನ್ನು ಬೇರು ಮೇಲಾಗುವಂತೆ ತಲೆಕೆಳಗು ಮಾಡಿ ಒಣಗಲು ಬಿಟ್ಟರೆ ಅದು ಮತ್ತೆ ನೆಲ ಹಿಡಿಯುವುದಿಲ್ಲ. ಹಣ್ಣಾಗುವ ಮೊದಲೇ ಕೀಳುವುದು ಮುಖ್ಯ. ಲಂಟಾನದ ಹಣ್ಣನ್ನು ಪಿಕಳಾರ ಮತ್ತು ಮೈನಾಗಳು ತಿಂದು ಬೀಜ ಹರಡುತ್ತವೆ, ಆದ್ದರಿಂದ ಮುಂದಿನ ಎರಡು ವರ್ಷ ಹಕ್ಕಿ ಕೂರುವ ಕೊಂಬೆಗಳ ಕೆಳಗೆ ಹೊಸ ಮೊಳಕೆಗಳನ್ನು ಹುಡುಕಿ ಕೀಳುತ್ತಿರಬೇಕು.

ಇಡೀ ಪೊದೆಯನ್ನು ಒಂದೇ ಬಾರಿಗೆ ಬೋಳಿಸಬಾರದು. ಬೇರೆ ಆಸರೆಯಿಲ್ಲದ ನಗರದಲ್ಲಿ ಉಲಿಯಕ್ಕಿ ಮತ್ತು ಸೂರಕ್ಕಿಗಳು ಆ ಲಂಟಾನದಲ್ಲೇ ಗೂಡು ಕಟ್ಟಿರಬಹುದು. ಮೂರನೆಯ ಒಂದು ಭಾಗವನ್ನು ತೆರವು ಮಾಡಿ, ಅಲ್ಲಿ ನೆಟ್ಟ ಪೊದೆಗಿಡಗಳು ಎದೆಯೆತ್ತರ ಬಂದ ಮೇಲೆ ಮುಂದಿನ ಭಾಗಕ್ಕೆ ಕೈ ಹಾಕಿ. ಪ್ರತಿ ಬಾರಿಯೂ ಕತ್ತಿ ಹಚ್ಚುವ ಮೊದಲು ಗೂಡಿದೆಯೇ ಎಂದು ನೋಡಿ, ನೋಡಿದ್ದನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕುವ ಕ್ರಮವಿರಲಿ.

ಒಣಗಿದ ಲಂಟಾನದ ಕಡ್ಡಿಗೂ ಬೆಲೆಯಿದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಸಂಶೋಧನಾ ಸಂಸ್ಥೆಯ ತರಬೇತಿ ಪಡೆದ ಸೋಲಿಗರು ಮತ್ತು ಕೊರವರು ಬಿದಿರು, ಬೆತ್ತಗಳ ಬದಲಿಗೆ ಲಂಟಾನದ ಕಡ್ಡಿಯನ್ನು ಬೇಯಿಸಿ ಸಿಪ್ಪೆ ತೆಗೆದು ಕುರ್ಚಿ, ಬುಟ್ಟಿ, ಆಟಿಕೆಗಳನ್ನು ಮಾಡಿದ್ದಾರೆ. ಉದ್ಯಾನದ ತಂಡ ಅಷ್ಟು ದೂರ ಹೋಗಬೇಕಾಗಿಲ್ಲ, ಸಸಿಗಳಿಗೆ ಆಸರೆಯ ಗೂಟ ಮತ್ತು ಪಾತಿಯ ಬೇಲಿ ಹೆಣೆಯಲು ಕಲಿತರೂ ಒಂದು ಖರ್ಚು ಉಳಿಯುತ್ತದೆ.

ಪಾರ್ಥೇನಿಯಂ, ಊರಿನವರು ಕಾಂಗ್ರೆಸ್ ಹುಲ್ಲು ಎನ್ನುವ ಕಳೆ, ಚರ್ಮಕ್ಕೂ ಉಸಿರಾಟಕ್ಕೂ ತೊಂದರೆ ಕೊಡುತ್ತದೆ. ಅಸ್ತಮಾ ಇರುವವರನ್ನು ಈ ಕೆಲಸದಿಂದ ದೂರವಿಡಿ, ಉಳಿದವರು ಕೈಗವಸು ಮತ್ತು ಮುಖಗವಸು ತೊಡಲಿ. ಒಂದೇ ಗಿಡ ಸಾವಿರಾರು ಬೀಜ ಉದುರಿಸುವುದರಿಂದ ಹೂ ಬಿಡುವ ಮೊದಲೇ ಬೇರುಸಹಿತ ಕಿತ್ತರೆ ಮಾತ್ರ ಪ್ರಯೋಜನ. ಹೂ ಬಿಡದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು, ಹೂ ಬಿಟ್ಟದ್ದನ್ನು ಹಾಕಬಾರದು. ಕಿತ್ತ ಜಾಗವನ್ನು ಖಾಲಿ ಬಿಡದೆ ತಗಚೆಯ ಬೀಜ ಚೆಲ್ಲಿದರೆ ಅದು ಒತ್ತಾಗಿ ಬೆಳೆದು ಪಾರ್ಥೇನಿಯಂಗೆ ಜಾಗ ಬಿಡುವುದಿಲ್ಲ. ಎಲೆಯ ಮೇಲೆ, ಮೈಯಲ್ಲಿ ಕಪ್ಪು ಗೆರೆಗಳಿರುವ ತಿಳಿಬಣ್ಣದ ಪುಟ್ಟ ದುಂಬಿಗಳು ಕಂಡರೆ ಅವನ್ನು ಕೊಲ್ಲಬೇಡಿ. ಪಾರ್ಥೇನಿಯಂ ತಿನ್ನಲೆಂದೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ ದುಂಬಿಯ ಸಂತತಿ ಅದು.

ಕಳೆನಾಶಕ ಸಿಂಪಡಿಸುವುದು ಬೇಡ. ಮಕ್ಕಳು ಆಡುವ, ನಾಯಿ ಓಡಾಡುವ, ಕೆಳಗೆ ಕೆರೆಗೆ ನೀರು ಹರಿಯುವ ಜಾಗದಲ್ಲಿ ಅದಕ್ಕೆ ಸ್ಥಾನವಿಲ್ಲ.

ಐದನೆಯ ಹಂತ: ಮಣ್ಣು ಮತ್ತು ನೀರು

ತರಗೆಲೆ ಸುಡುವುದನ್ನು ನಿಲ್ಲಿಸುವುದರಿಂದಲೇ ಮಣ್ಣಿನ ಕೆಲಸ ಆರಂಭವಾಗುತ್ತದೆ. ತ್ಯಾಜ್ಯವನ್ನು ಬಯಲಿನಲ್ಲಿ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ದೇಶದಾದ್ಯಂತ ನಿಷೇಧಿಸಿದೆ. ಎಲೆಯನ್ನು ಗಿಡದ ಬುಡದಲ್ಲಿ ನಾಲ್ಕು ಬೆರಳು ದಪ್ಪ ಹೊದಿಸಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟರೆ ತೇವ ಉಳಿಯುತ್ತದೆ. ಮಿಕ್ಕ ಎಲೆಗೆ ತಂತಿಬಲೆಯ ಪಂಜರ ಸಾಕು. ಇಳಿಜಾರಿಗೆ ಅಡ್ಡಲಾಗಿ ಒಂದಡಿ ಆಳದ ಕಾಲುವೆ ತೋಡಿ, ಪಥದಿಂದ ಹರಿದು ಬರುವ ಮಳೆನೀರನ್ನು ಇಂಗುಗುಂಡಿಗೆ ತಿರುಗಿಸಿ. ಕಾಲುವೆ ಇಳಿಜಾರಿನ ಒಂದೇ ಮಟ್ಟದಲ್ಲಿ ಸಾಗಬೇಕಾದ್ದರಿಂದ ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಮಟ್ಟ ನೋಡುವುದನ್ನು ಗಾರೆ ಕೆಲಸದವರಿಂದ ಕಲಿಸಿ. ಬಿದ್ದ ಒಣ ಕೊಂಬೆಗಳನ್ನು ಒಂದು ಮೂಲೆಯಲ್ಲಿ ಪೇರಿಸಿಟ್ಟರೆ ಓತಿಕ್ಯಾತ, ಜೇಡ, ಗೆದ್ದಲುಗಳಿಗೆ ಮನೆಯಾಗುತ್ತದೆ. ಬಿಸಿಲು ಬೀಳುವ ಒಂದಿಷ್ಟು ಬರಿ ನೆಲವನ್ನು ಉದ್ದೇಶಪೂರ್ವಕವಾಗಿ ಹಾಗೆಯೇ ಬಿಡಿ, ನೆಲದಲ್ಲಿ ಗೂಡು ತೋಡುವ ಒಂಟಿ ಜೇನುಗಳಿಗೆ ಅದು ಬೇಕು.

ಆರನೆಯ ಹಂತ: ಬೀಜ, ಸಸಿಮಡಿ, ನಾಟಿ

ಏಪ್ರಿಲ್‌ನಲ್ಲಿ ಬಿತ್ತಿದ ಬೀಜ ಜೂನ್ ವೇಳೆಗೆ ನೆಡುವಷ್ಟು ದೊಡ್ಡದಾಗದು. ಆದ್ದರಿಂದ ಮೊದಲ ವರ್ಷದ ನಾಟಿಗೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಿಂದ ರಿಯಾಯಿತಿ ದರದ ಸಸಿಗಳನ್ನು ತರಬೇಕು, ಲಕ್ಕಿಯಂತಹ ಪೊದೆಗಳನ್ನು ಕಡ್ಡಿಯಿಂದಲೇ ಬೇರು ಬರಿಸಿಕೊಳ್ಳಬಹುದು. ತಂಡದ ಸಸಿಮಡಿ ಎರಡನೆಯ ವರ್ಷದ ನಾಟಿಗೆ ಮತ್ತು ಮಾರಾಟಕ್ಕೆ. ಸಸಿಮಡಿಯ ಕೆಲಸ ಬಲ್ಲವರಿಗೆ ಬೆಂಗಳೂರಿನಲ್ಲಿ ಬೇಡಿಕೆ ಇದ್ದೇ ಇದೆ, ಹೀಗಾಗಿ ಇದನ್ನು ಉಪಕೆಲಸವೆಂದು ತಳ್ಳಿಹಾಕಬಾರದು.

ಬೀಜಗಳ ಸ್ವಭಾವ ಒಂದೊಂದೂ ಬೇರೆ. ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ನೇರಳೆಯೂ ಒಣಗಿದರೆ ಸಾಯುತ್ತದೆ. ಇವೆರಡನ್ನೂ ಹಣ್ಣು ಬಿದ್ದ ಕೂಡಲೇ ತಿರುಳು ತೊಳೆದು ಬಿತ್ತಬೇಕು. ಕಕ್ಕೆ ಮತ್ತು ಅಂಟುವಾಳದ ಬೀಜದ ಸಿಪ್ಪೆ ಕಲ್ಲಿನಂತೆ ಗಟ್ಟಿ, ಒಂದು ಬದಿಯನ್ನು ಮರಳು ಕಾಗದದಿಂದ ಉಜ್ಜಿ ರಾತ್ರಿಯಿಡೀ ನೀರಿನಲ್ಲಿ ನೆನೆಸದೆ ಬಿತ್ತಿದರೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಹೊಂಗೆ ಯಾವ ತಕರಾರೂ ಇಲ್ಲದೆ ಮೊಳೆಯುವುದರಿಂದ ಕಲಿಯುವವರು ಅದರಿಂದಲೇ ಶುರು ಮಾಡಲಿ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಎಲೆಗೊಬ್ಬರದ ಮಿಶ್ರಣ ಸಾಕು. ಪ್ರತಿ ಮಡಿಗೂ ಬೀಜ ಆಯ್ದ ಮರ, ಬಿತ್ತಿದ ದಿನ, ಬಿತ್ತಿದ ಸಂಖ್ಯೆ, ಮೊಳೆತ ಸಂಖ್ಯೆ ಬರೆದ ಫಲಕವಿರಬೇಕು.

ಗಿಡಗಳ ಆಯ್ಕೆಯಲ್ಲಿ ಯಾರಿಗಾಗಿ ನೆಡುತ್ತಿದ್ದೇವೆ ಎಂಬುದನ್ನು ಮುಂದಿಟ್ಟುಕೊಳ್ಳಿ. ನಿಂಬೆ ಮತ್ತು ಕರಿಬೇವಿನ ಮೇಲೆ ಕಾಮನ್ ಮಾರ್ಮನ್ ಚಿಟ್ಟೆ, ಎಕ್ಕದ ಮೇಲೆ ಪ್ಲೇನ್ ಟೈಗರ್, ಕಕ್ಕೆಯ ಮೇಲೆ ಕಾಮನ್ ಎಮಿಗ್ರೆಂಟ್, ಈಶ್ವರಿ ಬಳ್ಳಿಯ ಮೇಲೆ ಕ್ರಿಮ್ಸನ್ ರೋಸ್ ಮೊಟ್ಟೆಯಿಡುತ್ತವೆ. ಮರಿಹುಳು ಎಲೆ ತಿಂದು ತೂತು ಮಾಡಿದಾಗ ಗಾಬರಿಪಡುವ ನಿವಾಸಿಗಳಿಗೆ ಇದನ್ನು ವಿವರಿಸಿ ಹೇಳುವುದೂ ತಂಡದ ಕೆಲಸ. ಹಣ್ಣು ತಿನ್ನುವ ಹಕ್ಕಿಗಳಿಗೆ ಅತ್ತಿ, ನೇರಳೆ ಮತ್ತು ಕವಳೆ, ಬಿಸಿಲಿನ ಒಣ ಅಂಚಿಗೆ ತಂಗಡಿ ಮತ್ತು ಬಂದುರಿಕೆ, ನೀರು ನಿಲ್ಲುವ ತಗ್ಗಿಗೆ ಹೊಳೆಮತ್ತಿ, ನೆಲಮಟ್ಟದಲ್ಲಿ ತುಂಬೆ. ಅತ್ತಿಯಂತಹ ಮರವನ್ನು ಗೋಡೆಯಿಂದಲೂ ಕೊಳವೆಯಿಂದಲೂ ದೂರ ನೆಡಬೇಕು.

ಮೃಗಶಿರ ಮಳೆ ನೆಲವನ್ನು ಒಂದೂವರೆ ಅಡಿ ಆಳಕ್ಕೆ ತೋಯಿಸಿದ ಮೇಲೆ ನಾಟಿ ಶುರು ಮಾಡಿ, ಆರಿದ್ರಾ ಕಳೆಯುವುದರೊಳಗೆ ಮುಗಿಸುವುದು ಸೂಕ್ತ. ಬೆಂಗಳೂರಿನಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ, ಅಷ್ಟರೊಳಗೆ ಬೇರು ನೆಲ ಕಚ್ಚಿರಬೇಕು. ಮರದ ಸಸಿಗೆ 45 ಸೆಂಟಿಮೀಟರ್ ಉದ್ದ, ಅಗಲ, ಆಳದ ಗುಂಡಿ ಸಾಕು. ಚದರ ಮೀಟರಿಗೆ ಮೂರು ನಾಲ್ಕು ಸಸಿ ತುಂಬುವ ಮಿಯಾವಾಕಿ ವಿಧಾನ ಇಂದು ಜನಪ್ರಿಯ. ಆದರೆ ಕುರುಚಲು ಮತ್ತು ಹುಲ್ಲು ಬೆರೆತ ಬಯಲುಸೀಮೆಯ ನೆಲಕ್ಕೆ ಅದು ಒಗ್ಗುವುದಿಲ್ಲವೆಂದೇ ನನ್ನ ನಿಲುವು. ಬೆಳಕು ಬೀಳುವ ತೆರಪುಗಳಿಲ್ಲದಿದ್ದರೆ ಚಿಟ್ಟೆಗಳೂ ನೆಲಗಿಡಗಳೂ ಉಳಿಯುವುದಿಲ್ಲ. ಮರಗಳ ನಡುವೆ ನಾಲ್ಕೈದು ಮೀಟರ್, ಪೊದೆಗಳ ನಡುವೆ ಒಂದೂವರೆ ಮೀಟರ್ ಅಂತರವಿರಲಿ, ನಡುವೆ ಹುಲ್ಲು ಇರಲಿ.

ಏಳನೆಯ ಹಂತ: ಬೇಸಿಗೆ ದಾಟಿಸುವುದು

ಡಿಸೆಂಬರ್‌ನಿಂದ ಮೇ ವರೆಗೆ ಉತ್ಸಾಹ ತಗ್ಗುವುದು ಸಹಜ, ಈ ಹೊತ್ತಿನಲ್ಲೇ ಪಾಳಿಯ ಪಟ್ಟಿ ಕಟ್ಟುನಿಟ್ಟಾಗಿರಬೇಕು. ದಿನಾ ಚಿಮುಕಿಸುವುದಕ್ಕಿಂತ ವಾರಕ್ಕೆರಡು ಬಾರಿ ಪಾತಿ ತುಂಬ ನೀರುಣಿಸಿದರೆ ಬೇರು ಆಳಕ್ಕಿಳಿಯುತ್ತದೆ. ಕುಡಿಯುವ ನೀರನ್ನು ಬಳಸದೆ, ಸಂಸ್ಕರಿಸಿದ ನೀರು ದೊರೆಯುವ ಅಪಾರ್ಟ್‌ಮೆಂಟ್‌ಗಳೊಂದಿಗೆ ಒಪ್ಪಂದ ಮಾಡಿಕೊಳ್ಳಿ. ನೆಟ್ಟ ಮೂರು, ಆರು ಮತ್ತು ಹನ್ನೊಂದನೆಯ ತಿಂಗಳಲ್ಲಿ ಪ್ರತಿ ಸಸಿಯನ್ನೂ ನೋಡಿ ಬದುಕಿದೆ, ಸೊರಗಿದೆ, ಸತ್ತಿದೆ ಎಂದು ಗುರುತು ಹಾಕಿ, ಸತ್ತದ್ದರ ಪಕ್ಕದಲ್ಲಿ ಕಾರಣ ಬರೆಯಬೇಕು: ನೀರಿಲ್ಲದೆ, ಗೆದ್ದಲಿನಿಂದ, ಹಸು ಮೇಯ್ದು, ಯಾರೋ ಕಿತ್ತು. ಸಾವನ್ನು ಮುಚ್ಚಿಡದೆ ಲೆಕ್ಕ ಹಾಕಿದ ತಂಡಕ್ಕೆ ಮುಂದಿನ ವರ್ಷ ಯಾವ ಜಾತಿಯನ್ನು ಎಲ್ಲಿ ನೆಡಬೇಕೆಂಬುದು ತಿಳಿಯುತ್ತದೆ. ಉಳಿದ ಸಸಿಗಳ ಶೇಕಡಾವಾರು ಪ್ರಮಾಣವೇ ಗುತ್ತಿಗೆದಾರರೂ ಇಲಾಖೆಯೂ ಕೇಳುವ ಮೊದಲ ಸಂಖ್ಯೆ.

ಎಂಟನೆಯ ಹಂತ: ಕೆಲಸವನ್ನು ಉದ್ಯೋಗವನ್ನಾಗಿಸುವುದು

ಇದನ್ನು ಕೊನೆಯಲ್ಲಿ ಬರೆದಿದ್ದರೂ ಮೊದಲ ವಾರದಿಂದಲೇ ನಡೆಯಬೇಕಾದ ಕೆಲಸವಿದು. ಪ್ರತಿಯೊಬ್ಬರಿಗೂ ಒಂದು ಕೆಲಸದ ಪುಸ್ತಕ ಕೊಡಿ. ಅದರಲ್ಲಿ ದಿನಾಂಕ, ಮಾಡಿದ ಕೆಲಸ, ಬಳಸಿದ ಸಲಕರಣೆ, ಹಿಡಿದ ಗಂಟೆ, ನೋಡಿದವರ ಸಹಿ ಇರಲಿ. ಭಾಗವಹಿಸಿದ್ದಾರೆ ಎಂಬ ಬರೀ ಪ್ರಮಾಣಪತ್ರಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. 'ನಲವತ್ತು ಸ್ಥಳೀಯ ಗಿಡಗಳನ್ನು ಎಲೆಯಿಂದ ಗುರುತಿಸಬಲ್ಲರು, ಸಸಿಮಡಿಯನ್ನು ಸ್ವತಂತ್ರವಾಗಿ ನಿರ್ವಹಿಸಬಲ್ಲರು, ಒಂದು ಮೀಟರ್ ಚೌಕದ ಸಮೀಕ್ಷೆ ಮಾಡಿ ಕಂಪ್ಯೂಟರಿನಲ್ಲಿ ಪಟ್ಟಿ ತಯಾರಿಸಬಲ್ಲರು' ಎಂದು ಪರೀಕ್ಷಿಸಿ ಬರೆದ ಪತ್ರಕ್ಕೆ ಬೆಲೆಯಿದೆ. ಆ ಪರೀಕ್ಷೆಯನ್ನು ಸಂಘಟಕರು ನಡೆಸದೆ, ಹೊರಗಿನ ಸಸ್ಯಶಾಸ್ತ್ರದ ಅಧ್ಯಾಪಕರಿಂದಲೋ ಅನುಭವಿ ಸಸ್ಯಕ್ಷೇತ್ರದ ಮಾಲೀಕರಿಂದಲೋ ಮಾಡಿಸಿ.

ಸರ್ಕಾರಿ ಮಾನ್ಯತೆಗೂ ದಾರಿಗಳಿವೆ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಮೊದಲೇ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ವ್ಯವಸ್ಥೆ ಇದೆ. ತೋಟಗಾರ ಮತ್ತು ಸಸಿಮಡಿ ಕೆಲಸಗಳು ಕೃಷಿ ಕೌಶಲ ಮಂಡಳಿಯ ವ್ಯಾಪ್ತಿಗೆ ಬರುತ್ತವೆ. ಸಸ್ಯಸಂಪತ್ತು ಮತ್ತು ಜೀವವೈವಿಧ್ಯದ ಕೆಲಸಗಳಿಗಾಗಿಯೇ ಕೇಂದ್ರ ಪರಿಸರ ಸಚಿವಾಲಯ 2017ರಲ್ಲಿ ಹಸಿರು ಕೌಶಲ ಅಭಿವೃದ್ಧಿ ಕಾರ್ಯಕ್ರಮವನ್ನು ಆರಂಭಿಸಿತು. ಎಸ್ಸೆಸ್ಸೆಲ್ಸಿ ಮುಗಿಸಿದ ರೈತರ ಮಕ್ಕಳಿಗೆ ರಾಜ್ಯ ತೋಟಗಾರಿಕೆ ಇಲಾಖೆ ಹತ್ತು ತಿಂಗಳ ತರಬೇತಿ ನಡೆಸುತ್ತದೆ. ಸಸ್ಯಕ್ಷೇತ್ರ ಅಥವಾ ಲ್ಯಾಂಡ್‌ಸ್ಕೇಪ್ ಸಂಸ್ಥೆಯೊಂದು ನಿಮ್ಮ ತಂಡದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳಲು ಒಪ್ಪಿದರೆ, 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಡಿ ಭತ್ಯೆಯ ಒಂದು ಪಾಲನ್ನು ಸರ್ಕಾರ ಭರಿಸುತ್ತದೆ. ಷರತ್ತುಗಳು ಆಗಾಗ ಬದಲಾಗುವುದರಿಂದ ಆ ವರ್ಷದ ಅಧಿಸೂಚನೆ ಓದಿಯೇ ಅರ್ಜಿ ಹಾಕಬೇಕು.

ಉದ್ಯೋಗ ಎಲ್ಲೆಲ್ಲಿದೆ ಎಂಬುದನ್ನು ತಂಡದವರೇ ಹೋಗಿ ನೋಡಿ ಬರಲಿ. ಖಾಸಗಿ ಸಸ್ಯಕ್ಷೇತ್ರಗಳು, ದೊಡ್ಡ ಅಪಾರ್ಟ್‌ಮೆಂಟ್ ಮತ್ತು ಕಂಪನಿಗಳ ಆವರಣಗಳ ನಿರ್ವಹಣೆ, ಕೆರೆ ಗುಂಪುಗಳು, ಮರಗಳ ಸಮೀಕ್ಷೆ, ಸಂಶೋಧನಾ ಸಂಸ್ಥೆಗಳ ಕ್ಷೇತ್ರ ಸಹಾಯಕ ಹುದ್ದೆ, ಶಾಲೆಗಳ ಪ್ರಕೃತಿ ಶಿಬಿರಗಳು, ಹೀಗೆ ಹಲವಿವೆ. ಇವುಗಳಲ್ಲಿ ಸಂಬಳ ಮೊದಲಿಗೆ ದೊಡ್ಡದಿರುವುದಿಲ್ಲ, ಅದನ್ನು ಯುವಜನರಿಂದ ಮುಚ್ಚಿಡಬಾರದು. ಸ್ವಂತವಾಗಿ ಗುತ್ತಿಗೆ ಹಿಡಿಯಬಯಸುವವರಿಗೆ ದರಪಟ್ಟಿ ಬರೆಯುವುದನ್ನು ಕಲಿಸಿ. ನೂರು ಚದರ ಮೀಟರ್ ಜಾಗಕ್ಕೆ ಕಳೆ ತೆಗೆಯಲು ಎಷ್ಟು ಆಳು, ಎಷ್ಟು ಸಸಿ, ಎಷ್ಟು ಟ್ಯಾಂಕರ್ ನೀರು, ಒಂದು ವರ್ಷದ ನಿರ್ವಹಣೆಗೆ ಎಷ್ಟು ಎಂಬುದನ್ನು ತಮ್ಮದೇ ಕೆಲಸದ ಪುಸ್ತಕದಿಂದ ಲೆಕ್ಕ ತೆಗೆದು, ಒಂದು ಅಪಾರ್ಟ್‌ಮೆಂಟ್ ಸಮಿತಿಯ ಮುಂದೆ ಅವರೇ ನಿಂತು ವಿವರಿಸುವಂತಾಗಬೇಕು. ಹೆಣ್ಣುಮಕ್ಕಳನ್ನು ಸಸಿಮಡಿಗೆ, ಗಂಡುಮಕ್ಕಳನ್ನು ಪಿಕಾಸಿಗೆ ಎಂದು ಹಂಚುವ ರೂಢಿಯನ್ನು ಇಲ್ಲಿ ಮುಂದುವರಿಸಬೇಡಿ. ಸಲಕರಣೆ, ಸಮೀಕ್ಷೆ, ಲೆಕ್ಕ, ಮಾತುಕತೆ ನಾಲ್ಕೂ ಎಲ್ಲರ ಸರದಿಗೂ ಬರಬೇಕು. ಉದ್ಯಾನದಲ್ಲಿ ಹೆಣ್ಣುಮಕ್ಕಳಿಗೆ ಬಳಸಬಹುದಾದ ಶೌಚಾಲಯ ಇದೆಯೇ ಎಂಬುದನ್ನು ಜಾಗ ಆರಿಸುವಾಗಲೇ ನೋಡಿಕೊಂಡಿರಬೇಕು.

ಎರಡನೆಯ ಮೇ ತಿಂಗಳಿನಲ್ಲಿ, ಮೊದಲ ವರ್ಷ ಅಳೆದ ಅದೇ ಚೌಕಗಳನ್ನು ಅದೇ ವಿಧಾನದಲ್ಲಿ ಮತ್ತೆ ಅಳೆದು, ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟ ಹತ್ತು ಪುಟದ ವರದಿಯನ್ನು ತಂಡವೇ ಕನ್ನಡದಲ್ಲಿ ಸಿದ್ಧಪಡಿಸಲಿ. ಒಂದು ಪ್ರತಿ ಪಾಲಿಕೆಯ ತೋಟಗಾರಿಕೆ ವಿಭಾಗಕ್ಕೆ, ಒಂದು ಸ್ಥಳೀಯ ಆಡಳಿತದ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ, ಒಂದು ನಿವಾಸಿಗಳ ಸಂಘಕ್ಕೆ ಹೋಗಲಿ, ತಯಾರಿಸಿದವರ ಹೆಸರುಗಳು ಮೊದಲ ಪುಟದಲ್ಲೇ ಇರಲಿ. ಮುಂದಿನ ತಂಡಕ್ಕೆ ಹಳೆಯ ತಂಡದ ಇಬ್ಬರನ್ನು ಸಂಬಳದ ಮೇಲ್ವಿಚಾರಕರನ್ನಾಗಿ ನೇಮಿಸಿ, ಸಲಕರಣೆಗಳ ಪಟ್ಟಿ, ಸಸಿಮಡಿಯ ಲೆಕ್ಕ ಮತ್ತು ನೀರಿನ ಪಾಳಿಯನ್ನು ಅವರ ಕೈಗೆ ಬರಹದಲ್ಲಿ ಒಪ್ಪಿಸಿ. ಜೂನ್‌ನ ನಾಟಿಗೆ ಸಸಿಗಳು ಈ ಬಾರಿ ತಂಡದ ಸಸಿಮಡಿಯಿಂದಲೇ ಬರುತ್ತವೆ.